ಇರಾನಿನ ಇಬ್ಬರು ಪತ್ರಕರ್ತೆಯರು ಮತ್ತು 'ವಿದೇಶಿ ಕೈ'

ಇರಾನಿನಲ್ಲಿ ಹೆಂಗಸರು ಹಕ್ಕು ಕೇಳಿದರೂ, ಅದನ್ನು ಯಾರಾದರೂ ವರದಿ ಮಾಡಿದರೂ ಸರ್ಕಾರ ಹೇಳುವುದು ಒಂದೇ ಮಾತು: ಇದರಲ್ಲಿ ವಿದೇಶಿ ಕೈ ಇದೆ. ಇದೇನೂ ಹೊಸದಲ್ಲ. 1979ರ ಮಾರ್ಚ್‌ನಲ್ಲಿ, ಕ್ರಾಂತಿಯಾಗಿ ತಿಂಗಳೂ ಕಳೆದಿರಲಿಲ್ಲ, ಕಚೇರಿಗೆ ಬರುವ ಹೆಂಗಸರು ಹಿಜಾಬ್ ಹಾಕಬೇಕು ಎಂದು ಕ್ರಾಂತಿಯ ನಾಯಕ ಖೊಮೇನಿ ಹೇಳಿದರು. ಮರುದಿನವೇ ಮಹಿಳಾ ದಿನ. ಟೆಹರಾನಿನಲ್ಲಿ ಸಾವಿರಾರು ಜನ ಬೀದಿಗಿಳಿದರು. ಅವರ ಜೊತೆ ನಿಲ್ಲಲು ಬಂದಿದ್ದ ಅಮೆರಿಕದ ಲೇಖಕಿ ಕೇಟ್ ಮಿಲೆಟ್ ಅವರನ್ನು ಸ್ವಲ್ಪ ದಿನದಲ್ಲೇ ದೇಶದಿಂದ ಹೊರಗೆ ಹಾಕಿದರು. 1983ರಲ್ಲಿ ಹಿಜಾಬ್ ಹಾಕಲೇಬೇಕೆಂಬುದು ಕಾನೂನೇ ಆಯಿತು, ಮೀರಿದರೆ 74 ಛಡಿಯೇಟಿನವರೆಗೆ ಶಿಕ್ಷೆ.

ಈಗ 2022ಕ್ಕೆ ಬನ್ನಿ. ಹಿಜಾಬ್ ಸರಿಯಾಗಿಲ್ಲ ಎಂದು ಪೊಲೀಸರು ಹಿಡಿದೊಯ್ದ 22ರ ಹುಡುಗಿ ಮಹ್ಸಾ ಅಮಿನಿ ಸೆಪ್ಟೆಂಬರ್ 16ರಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಮನೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದ ಫೋಟೋವನ್ನು ಹೊರಗೆ ತಂದವರು 'ಶರ್ಗ್' ಪತ್ರಿಕೆಯ ನಿಲೂಫರ್ ಹಮೇದಿ. ಹುಡುಗಿಯ ಊರು ಸಕ್ಕೆಜ್‌ಗೆ ಹೋಗಿ ಅಂತ್ಯಕ್ರಿಯೆಯ ವರದಿ ಮಾಡಿದವರು 'ಹಮ್ ಮಿಹಾನ್' ಪತ್ರಿಕೆಯ ಇಲಾಹೆ ಮೊಹಮ್ಮದಿ. ಅದೇ ತಿಂಗಳು ಇಬ್ಬರೂ ಜೈಲು ಸೇರಿದರು. ಅಕ್ಟೋಬರ್‌ನಲ್ಲಿ ಗುಪ್ತಚರ ಇಲಾಖೆ ಇವರಿಗೆ ಅಮೆರಿಕದ ಏಜೆಂಟರ ಹಣೆಪಟ್ಟಿ ಕಟ್ಟಿತು.

ಹೊರಗಿನವರು ಬೆಂಬಲಿಸಿದರೆ ಒಳಗಿದ್ದವರಿಗೇ ತೊಂದರೆ ಜಾಸ್ತಿ ಎಂದು ಹೇಳುವವರಿದ್ದಾರೆ. ಆದರೆ ದಿನಾಂಕ ನೋಡಿ. ಆರೋಪ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಯುನೆಸ್ಕೋ ಇವರಿಬ್ಬರಿಗೂ, ಜೈಲಿನಲ್ಲೇ ಇದ್ದ ಮಾನವ ಹಕ್ಕು ಹೋರಾಟಗಾರ್ತಿ ನರ್ಗೆಸ್ ಮೊಹಮ್ಮದಿ ಅವರಿಗೂ ಪತ್ರಿಕಾ ಸ್ವಾತಂತ್ರ್ಯದ ಪ್ರಶಸ್ತಿ ಕೊಟ್ಟದ್ದು 2023ರ ಮೇನಲ್ಲಿ. ಅಂದರೆ ಪ್ರಶಸ್ತಿ ಬಾರದಿದ್ದರೂ ಏಜೆಂಟರೇ, ಅಲ್ವಾ? ಅಷ್ಟಕ್ಕೂ ಇವರ ಪರ ದನಿ ಎತ್ತಿದವರೇನು ಹೊರಗಿನವರಷ್ಟೇ ಅಲ್ಲ, ಇರಾನಿನದೇ 300ಕ್ಕೂ ಹೆಚ್ಚು ಪತ್ರಕರ್ತರು ಬಿಡುಗಡೆ ಕೇಳಿ ಸಹಿ ಹಾಕಿದ್ದರು.

ದೇಶಗಳ ಬೆಂಬಲದ ಕಥೆ ಬೇರೆ. ಮಹಿಳೆಯರ ಸ್ಥಿತಿಗತಿ ನೋಡುವ ವಿಶ್ವಸಂಸ್ಥೆಯ ಆಯೋಗದಲ್ಲಿ ಆಗ ಇರಾನ್ ಕೂಡ ಸದಸ್ಯ! 2022ರ ಡಿಸೆಂಬರ್ 14ರಂದು ಮತಕ್ಕೆ ಹಾಕಿ ಹೊರಹಾಕಿದರು, 29 ಪರ, 8 ವಿರುದ್ಧ. 16 ದೇಶಗಳು ಸುಮ್ನೆ ಕೂತವು, ಅದರಲ್ಲಿ ನಮ್ಮ ಭಾರತವೂ ಒಂದು.

2023ರ ಅಕ್ಟೋಬರ್‌ನಲ್ಲಿ ನರ್ಗೆಸ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು, ಡಿಸೆಂಬರ್‌ನಲ್ಲಿ ಓಸ್ಲೋದಲ್ಲಿ ಅವರ ಅವಳಿ ಮಕ್ಕಳು ತೆಗೆದುಕೊಂಡರು. ಅದೇ ಅಕ್ಟೋಬರ್‌ನಲ್ಲಿ ಆ ಇಬ್ಬರು ಪತ್ರಕರ್ತೆಯರಿಗೆ ಅಮೆರಿಕಕ್ಕೆ ಸಹಕರಿಸಿದ ಆರೋಪದಲ್ಲಿ 7 ಮತ್ತು 6 ವರ್ಷದ ಶಿಕ್ಷೆ. 2024ರ ಜನವರಿಯಲ್ಲಿ ಜಾಮೀನು ಸಿಕ್ಕಿತು. ಜೈಲಿನಿಂದ ಹೊರಬಂದಾಗಿನ ಫೋಟೋದಲ್ಲಿ ತಲೆಯ ಮೇಲೆ ಬಟ್ಟೆ ಇರಲಿಲ್ಲ ಎಂದು ಮರುದಿನವೇ ಹೊಸ ಕೇಸು. ಅಮೆರಿಕಕ್ಕೆ ಸಹಕರಿಸಿದ ಆರೋಪ ಅದೇ ವರ್ಷ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಉಳಿದ ಆರೋಪಗಳಿಗೆ 2025ರ ಫೆಬ್ರವರಿಯಲ್ಲಿ ಕ್ಷಮಾದಾನ ಕೊಟ್ಟರು.