ಚಿಮಣಿ ಹೊಗೆಯನ್ನು ಪಾಚಿಗೆ ಉಣಿಸುವುದು: ಮೊದಲು ಲೆಕ್ಕ, ಆಮೇಲೆ ತೊಟ್ಟಿ

ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ಚಿಮಣಿ ಹೊಗೆಯಿಂದ ಪಾಚಿ ಬೆಳೆಯುವ ಪ್ರಾಜೆಕ್ಟ್ ಹಿಡಿದಿರುವ ಪುಣೆಯ ನಮ್ಮ ಕನ್ನಡ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿ. ಪ್ಲಾಂಟಿನವರು ಮರಾಠಿಯಲ್ಲಿ ‘ಶೇವಾಳ’ ಎಂದರೆ ಅದು ನಮ್ಮ ಪಾಚಿಯೇ. ಪೈಪು, ಪಂಪಿಗೆ ಕೈಹಾಕುವ ಮುಂಚೆ ಒಂದು ಹಾಳೆಯಲ್ಲಿ ಇಂಗಾಲದ ಲೆಕ್ಕ ಬರೆಯಿರಿ.

ಒಣ ಪಾಚಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. 12 ಗ್ರಾಂ ಇಂಗಾಲ ಬರಬೇಕಾದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ (ಮುಂದೆ ಬರೀ ‘ಡೈಆಕ್ಸೈಡ್’) ಬೇಕು. ಹಾಗಾಗಿ 1 ಕೆ.ಜಿ. ಒಣ ಪಾಚಿ ಬೆಳೆದರೆ ಹಿಡಿದ ಅನಿಲ 0.5 × 44/12, ಅಂದರೆ ಸುಮಾರು 1.83 ಕೆ.ಜಿ. ಪ್ಯಾಡಲ್ ಚಕ್ರ ತಿರುಗುವ ತೆರೆದ ಕೊಳದಲ್ಲಿ (ಆಳ 20–30 ಸೆಂ.ಮೀ.) ದಿನಕ್ಕೆ ಚದರ ಮೀಟರಿಗೆ 15 ಗ್ರಾಂ ಬಂದರೆ ಒಳ್ಳೆಯ ಬೆಳೆ. ಒಂದು ಹೆಕ್ಟೇರಿಗೆ ಅದು 150 ಕೆ.ಜಿ. ಪಾಚಿ, 275 ಕೆ.ಜಿ. ಅನಿಲ.

ಈಗ ಬಾಯ್ಲರ್ ಕಡೆ ನೋಡಿ. ಗಂಟೆಗೆ 1 ಟನ್ ಉಗಿ ಕೊಡುವ ಸಣ್ಣ ಬಾಯ್ಲರ್ ನಮ್ಮ ದೇಶದ ಕಲ್ಲಿದ್ದಲನ್ನು ಗಂಟೆಗೆ ಸುಮಾರು 200 ಕೆ.ಜಿ. ಸುಡುತ್ತದೆ. ಅದರಲ್ಲಿ 40% ಇಂಗಾಲವೆಂದು ಹಿಡಿದರೆ ಹೊರಬರುವುದು ಸುಮಾರು 290 ಕೆ.ಜಿ. ಡೈಆಕ್ಸೈಡ್. ಎರಡೂವರೆ ಎಕರೆ ಕೊಳದ ಇಡೀ ದಿನದ ದುಡಿಮೆ ಆ ಪುಟ್ಟ ಬಾಯ್ಲರಿನ ಒಂದು ಗಂಟೆಗೂ ಸಾಲದು! ‘ಚಿಮಣಿಯ ಹೊಗೆಯನ್ನೆಲ್ಲ ಪಾಚಿ ನುಂಗುತ್ತದೆ’ ಎಂದು ವರದಿಯಲ್ಲಿ ದಯವಿಟ್ಟು ಬರೆಯಬೇಡಿ. ಹೊಗೆಯ ಒಂದು ಸಣ್ಣ ಪಾಲನ್ನು ತಿರುಗಿಸಿಕೊಂಡು ಬೆಲೆಬಾಳುವ ಪಾಚಿ ಬೆಳೆಯುವುದು ಈ ವಿದ್ಯೆಯ ನಿಜವಾದ ಬಲ.

ಅನಿಲದ ಮೂಲ ಯಾವುದು ಎನ್ನುವುದೂ ಮುಖ್ಯ. ಕಲ್ಲಿದ್ದಲ ಹೊಗೆಯಲ್ಲಿ ಡೈಆಕ್ಸೈಡ್ 12–15% ಇರುತ್ತದೆ, ಜೊತೆಗೆ ಬೂದಿ, ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು. ಪುಣೆ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿ ನೆನಪಿಡಿ: ಕಾಕಂಬಿ ಹುದುಗುವಾಗ ಪ್ರತಿ ಲೀಟರ್ ಆಲ್ಕೋಹಾಲಿಗೆ ಸುಮಾರು 750 ಗ್ರಾಂ ಡೈಆಕ್ಸೈಡ್ ಬರುತ್ತದೆ, ಅದೂ ಬಹುತೇಕ ಶುದ್ಧ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅಲ್ಲಿಂದಲೇ ಶುರುಮಾಡಿ.

ಬಾಯ್ಲರ್ ಹೊಗೆಯೇ ಆದರೆ 40 ಡಿಗ್ರಿಗಿಂತ ಕೆಳಕ್ಕೆ ತಣಿಸಿ, ಬೂದಿ ಸೋಸಿ, ಗಂಧಕ ತೊಳೆಯಬೇಕು. ಗಂಧಕದ ಡೈಆಕ್ಸೈಡ್ ನೀರಿಗೆ ಬಿದ್ದೊಡನೆ ಆಮ್ಲವಾಗಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಆಮ್ಲ) ಇಳಿಸುತ್ತದೆ. ತೊಳೆಯಲು ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ) ಹಾಕುವಾಗ ಎಚ್ಚರ: ಸ್ಕ್ರಬ್ಬರ್ (ಹೊಗೆ ತೊಳೆಯುವ ಗೋಪುರ) ನೀರಿನ ಪಿಎಚ್ 6ರ ಆಸುಪಾಸು ಇದ್ದರೆ ಗಂಧಕ ಉಳಿದುಕೊಂಡು ನಮಗೆ ಬೇಕಾದ ಡೈಆಕ್ಸೈಡ್ ದಾಟಿ ಬರುತ್ತದೆ, 10ಕ್ಕೆ ಏರಿಸಿದರೆ ಕಾಸ್ಟಿಕ್ ಎರಡನ್ನೂ ತಿಂದುಬಿಡುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇರುವುದರಿಂದ ಮುಚ್ಚಿದ ಶೆಡ್ಡಿನಲ್ಲಿ ಪ್ರಯೋಗ ಬೇಡವೇ ಬೇಡ.

ಪ್ರಯೋಗಾಲಯಕ್ಕೆ 5 ಲೀಟರ್ ಗಾಜಿನ ಕಂಬ ಸಾಕು. ಕ್ಲೋರೆಲ್ಲಾ ತಳಿಗೆ ಪುಣೆಯ ಪಾಷಾಣ್ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿರುವ (ಎನ್‌ಸಿಎಲ್) ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹದಲ್ಲಿ ವಿಚಾರಿಸಿ. ಬಿಜಿ-11 ಎಂಬ ಪೋಷಕ ದ್ರವದಲ್ಲಿ (ಲೀಟರಿಗೆ ಸೋಡಿಯಂ ನೈಟ್ರೇಟ್ 1.5 ಗ್ರಾಂ ಅದರ ಮುಖ್ಯ ಆಹಾರ) ಹತ್ತನೇ ಒಂದು ಪಾಲು ಬೆಳೆದ ಪಾಚಿಯ ನೀರನ್ನು ಹೆಪ್ಪಾಗಿ ಹಾಕಿ. ಮೊದಲ ದಿನವೇ 15% ಡೈಆಕ್ಸೈಡ್ ಇರುವ ಅನಿಲ ಬಿಟ್ಟರೆ ಪಾಚಿ ಬಿಳಿಚಿಕೊಳ್ಳಬಹುದು. 1–2% ನಿಂದ ಶುರುಮಾಡಿ ವಾರದಲ್ಲಿ 5% ಮುಟ್ಟಿಸಿ.

ನಿಮಿಷಕ್ಕೆ 1.25 ಲೀಟರ್ ಗಾಳಿ, ಅದರಲ್ಲಿ 2% ಡೈಆಕ್ಸೈಡ್ ಎನ್ನಿ. ನಿಮಿಷಕ್ಕೆ 25 ಮಿ.ಲೀ., ದಿನಕ್ಕೆ 36 ಲೀಟರ್. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯ ಒತ್ತಡದಲ್ಲಿ ಅದು 60 ಗ್ರಾಂ. ಪಾಚಿ ದಿನಕ್ಕೆ ಲೀಟರಿಗೆ 0.3 ಗ್ರಾಂ ಬೆಳೆದರೆ ಒಟ್ಟು 1.5 ಗ್ರಾಂ, ಹಿಡಿದದ್ದು 2.75 ಗ್ರಾಂ. ನೂರಕ್ಕೆ ಐದೂ ಇಲ್ಲ! ಉಳಿದದ್ದೆಲ್ಲ ಗುಳ್ಳೆಯಾಗಿ ಮೇಲಿಂದ ಹಾರಿಹೋಯಿತು. ಮೊದಲ ದಿನಗಳಲ್ಲಿ ಒಳಹೋದ, ಹೊರಬಂದ ಅನಿಲದ ವ್ಯತ್ಯಾಸ ದೊಡ್ಡದಾಗಿ ಕಂಡರೂ ಮೋಸಹೋಗಬೇಡಿ. ಅದು ನೀರಿನಲ್ಲಿ ಕರಗಿದ್ದು, ಪಾಚಿಯ ಮೈಗೆ ಸೇರಿದ್ದಲ್ಲ. 105 ಡಿಗ್ರಿಯಲ್ಲಿ ಒಣಗಿಸಿದ ತೂಕವನ್ನಷ್ಟೇ ನಂಬಿ.

ಈ ಸೋರಿಕೆ ತಡೆಯಲು ಅನಿಲವನ್ನು ಸದಾ ಬಿಡದೆ ಪಿಎಚ್‌ಗೆ ಕಟ್ಟಿಹಾಕಿ. ಪಾಚಿ ಬೈಕಾರ್ಬನೇಟ್ ಎಳೆದುಕೊಂಡಂತೆ ಪಿಎಚ್ ಏರುತ್ತದೆ. 7.5 ಮುಟ್ಟಿದಾಗ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ಕವಾಟ) ತೆರೆಯಲಿ, 7.2ಕ್ಕೆ ಮುಚ್ಚಲಿ. ವಾಲ್ವ್ ತೆರೆದಿದ್ದರೂ ಪಿಎಚ್ ಏರುತ್ತಲೇ ಇದ್ದರೆ ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಗುಳ್ಳೆಕಲ್ಲನ್ನು ನೋಡಿ: ಬೂದಿಯೋ ಲೋಳೆಯೋ ಕಟ್ಟಿಕೊಂಡು ಒಂದೇ ಮೂಲೆಯಿಂದ ದಪ್ಪ ಗುಳ್ಳೆ ಬರುತ್ತಿರುತ್ತದೆ. ಬಿಸಿಲಿದ್ದೂ ಪಿಎಚ್ 7.2ಕ್ಕಿಂತಲೂ ಕೆಳಗೆ ಇಳಿಯುತ್ತಲೇ ಇದ್ದರೆ ಗಂಧಕ ನುಸುಳಿದೆ, ಇಲ್ಲವೇ ಪಾಚಿ ಸಾಯುತ್ತಿದೆ. ರಾತ್ರಿ ಅನಿಲ ನಿಲ್ಲಿಸಿ. ಕತ್ತಲಲ್ಲಿ ಪಾಚಿಯೂ ಉಸಿರಾಡಿ ಹಗಲಿನ ಗಳಿಕೆಯ ಒಂದು ಪಾಲು ಕಳೆಯುತ್ತದೆ. ಮುಚ್ಚಿದ ಕೊಳವೆ ರಿಯಾಕ್ಟರಿನಲ್ಲಾದರೆ ಕರಗಿದ ಆಮ್ಲಜನಕ ಲೀಟರಿಗೆ 20 ಮಿ.ಗ್ರಾಂ. ದಾಟದಂತೆ ಹೊರಗೆ ಹೋಗಲು ದಾರಿ ಬಿಡಿ.

ತೆರೆದ ಕೊಳಕ್ಕೆ ಮಳೆಗಾಲವೇ ಪರೀಕ್ಷೆ. ಪುಣೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 700 ಮಿ.ಮೀ. ಮಳೆಯೇ ಕೊಳದ ಆಳದ ಎರಡು ಪಟ್ಟಿಗಿಂತ ಹೆಚ್ಚು. ಗೋವಾದಲ್ಲಂತೂ ಮೇಲ್ಛಾವಣಿ ಇಲ್ಲದೆ ಆಗದು. ಹಸಿರು ನೀರು ಒಂದೆರಡು ದಿನದಲ್ಲಿ ತಿಳಿಯಾದರೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ 100 ಪಟ್ಟಿಗೆ ನೋಡಿ, ಪಾಚಿ ತಿನ್ನುವ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿ ಮೇಯುತ್ತಿರಬಹುದು.

ಕೊಯ್ಲಿನ ಖರ್ಚೂ ಲೆಕ್ಕಕ್ಕೆ ಬರಬೇಕು. ಲೀಟರಿಗೆ 0.5 ಗ್ರಾಂ ಇರುವ ಕೊಳದಿಂದ 1 ಕೆ.ಜಿ. ತೆಗೆಯಲು 2,000 ಲೀಟರ್ ನೀರು ಸೋಸಬೇಕು. ಗ್ರಿಡ್ ಕರೆಂಟಿನ ಪ್ರತಿ ಯೂನಿಟ್ ಹಿಂದೆ ಸುಮಾರು 0.7 ಕೆ.ಜಿ. ಡೈಆಕ್ಸೈಡ್ ಇರುತ್ತದೆ. 1 ಕೆ.ಜಿ. ಪಾಚಿಗೆ 2.6 ಯೂನಿಟ್ ಖರ್ಚಾದರೆ ಹಿಡಿದ 1.83 ಕೆ.ಜಿ. ಅಲ್ಲಿಗಲ್ಲಿಗೇ ಸರಿಹೋಯಿತು. ಆದ್ದರಿಂದ ಗಾಳಿ ಊದುವ ಬ್ಲೋವರ್, ಪ್ಯಾಡಲ್ ಚಕ್ರ, ನೀರಿನಿಂದ ಪಾಚಿಯನ್ನು ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮೂರಕ್ಕೂ ಮೊದಲ ದಿನದಿಂದಲೇ ಬೇರೆಬೇರೆ ಮೀಟರ್ ಕೂರಿಸಿ, ಒಣ ತೂಕದ ಪಕ್ಕದಲ್ಲೇ ಯೂನಿಟ್‌ಗಳನ್ನೂ ಬರೆದಿಡಿ.