ಮಕ್ಕಳು ಅಳೆದು ಬರೆದ ಲೆಕ್ಕ ವಿಜ್ಞಾನಿಗಳಿಗೆ ನಿಜವಾಗ್ಲೂ ಬೇಕಾ?

ಪ್ರಶ್ನೆ: ನಮ್ಮ ಮಗಳು ಉಡುಪಿ ಹತ್ರ ಎಂಟನೇ ಕ್ಲಾಸ್. ಶಾಲೆಯವ್ರು ಒಬ್ಬ ಸೈಂಟಿಸ್ಟ್ ಜೊತೆ ಸೇರಿ ಬಾವಿ ನೀರಿನ ಪ್ರಾಜೆಕ್ಟ್ ಶುರು ಮಾಡಿದ್ದಾರೆ, ವಾರ ವಾರ ಮನೆ ಬಾವಿ ಅಳೀಬೇಕಂತೆ. ಮಕ್ಕಳು ಬರೆದ ನಂಬರನ್ನ ಅವ್ರು ನಿಜವಾಗ್ಲೂ ಉಪಯೋಗಿಸ್ತಾರಾ, ಇಲ್ಲ ಸರ್ಟಿಫಿಕೇಟಿಗೆ ಮಾತ್ರವಾ?

ಉಪಯೋಗಿಸ್ತಾರೆ, ಆದ್ರೆ ಎಲ್ಲವನ್ನೂ ಅಲ್ಲ. ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ಮಧ್ಯ ಬಿಡದೆ ಅಳೆದದ್ದು ಅವ್ರಿಗೆ ತುಂಬ ಬೆಲೆಯದ್ದು, ಯಾಕಂದ್ರೆ ಅದನ್ನ ಅವ್ರಿಗೆ ಸ್ವತಃ ಮಾಡ್ಲಿಕ್ಕೆ ಆಗುದಿಲ್ಲ.

ನಿಮ್ಮ ಬಾವಿಯನ್ನೇ ತಗೊಳ್ಳಿ. ನಮ್ಮ ಕರಾವಳಿಯಲ್ಲಿ ನೆಲದಡಿಯಲ್ಲಿ ಮುರಕಲ್ಲು, ತೂತು ತೂತಿನ ಕಲ್ಲು, ಮಳೆ ನೀರು ಬೇಗ ಇಳೀತದೆ ಹಾಗೇ ಬೇಗ ಹರಿದೂ ಹೋಗ್ತದೆ, ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಕೈಗೆ ಸಿಗುವ ಹಾಗೆ ತುಂಬಿದ ಬಾವಿ ಏಪ್ರಿಲ್ ಮೇ ಬರುವಾಗ ತಳ ಕಾಣ್ತದೆ. ಹೊಳೆ ಬದಿ, ಕಡಲ ಬದಿಯಲ್ಲಾದ್ರೆ ಸಿಹಿ ನೀರು ಕೆಳಗೆ ಹೋದ ಹಾಗೆ ಉಪ್ಪು ನೀರು ಒಳಗೆ ಬರ್ಲಿಕ್ಕೆ ಶುರುವಾಗ್ತದೆ. ಯಾವ ವಾರದಲ್ಲಿ ಶುರುವಾಯ್ತು, ಯಾವ ಬಾವಿಗೆ ಮೊದಲು ಬಂತು, ಒಂದು ಒಳ್ಳೆ ಮಳೆ ಬಿದ್ದ ಮೇಲೆ ಎಷ್ಟು ದಿನಕ್ಕೆ ಸರಿಯಾಯ್ತು, ಇದೇ ಅಲ್ವಾ ನಮಗೆ ಬೇಕಾದ್ದು? ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನ ಸಾಮಾನ್ಯವಾಗಿ ಅಳೆಯೂದು ವರ್ಷಕ್ಕೆ 4 ಸಲ. ಆ ನಾಲ್ಕು ಸಲದ ನಡುವೆ ಏನಾಯ್ತು ಅಂತ ಗೊತ್ತಾಗ್ಬೇಕಿದ್ರೆ ಬಾವಿ ಹತ್ರವೇ ಇರುವವರು ಬೇಕು, ಅದು ನಿಮ್ಮ ಮಗಳು.

ಇನ್ನು "ಮಕ್ಕಳು ತಪ್ಪು ಬರೆದ್ರೆ?" ಅಂತ ಕೇಳ್ತೀರಿ. ತಪ್ಪು ದೊಡ್ಡವರೂ ಮಾಡ್ತಾರೆ ಮಾರಾಯ್ರೆ, ಅದಕ್ಕೇ ವಿಧಾನ ಅಂತ ಇರೂದು. ಬಾವಿಕಟ್ಟೆ ಮೇಲೆ ಪೇಂಟಲ್ಲಿ ಒಂದು ಗುರುತು, ಯಾವಾಗ್ಲೂ ಅಲ್ಲಿಂದಲೇ ಅಳತೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು. ಹಗ್ಗ ಒದ್ದೆಯಾದ್ರೆ ಉದ್ದ ಬದಲಾಗ್ತದೆ, ಟೇಪ್ ಒಳ್ಳೇದು. ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಅಳೆದು ಆಮೇಲೆ ತಾಳೆ ನೋಡ್ಬೇಕು. ಟಿಡಿಎಸ್ (ನೀರಲ್ಲಿ ಕರಗಿದ ಲವಣ, ಖನಿಜಗಳ ಲೆಕ್ಕ) ಅಳೆಯುವ ಮೀಟರ್ ಇದ್ರೆ ಎಷ್ಟು ಲವಣ ಉಂಟು ಅಂತ ಮೊದಲೇ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಮೀಟರ್ ಸರಿ ಉಂಟಾ ನೋಡಿ ಆಮೇಲೆ ಬಾವಿ ನೀರು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ರೆ 2000 ತನಕ. ಒಂದು ಮಾತು, ಟಿಡಿಎಸ್ ಕಮ್ಮಿ ಬಂತು ಅಂತ ನೀರು ಕುಡೀಲಿಕ್ಕೆ ಆಗ್ತದೆ ಅಂತ ಅಲ್ಲ, ರೋಗಾಣು ಉಂಟಾ ಇಲ್ವಾ ಅಂತ ಆ ಮೀಟರ್ ಹೇಳುದಿಲ್ಲ, ಅದಕ್ಕೆ ಲ್ಯಾಬೇ ಬೇಕು.

ಮಕ್ಕಳು ನೋಡಿದ್ದರಿಂದಲೇ ದೊಡ್ಡ ಸಂಶೋಧನೆ ಶುರುವಾದದ್ದೂ ಉಂಟು. 1995ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಫೀಲ್ಡ್ ಟ್ರಿಪ್ ಹೋದ ಶಾಲೆ ಮಕ್ಕಳಿಗೆ ಸಿಕ್ಕಿದ ಕಪ್ಪೆಗಳಲ್ಲಿ ತುಂಬ ಕಪ್ಪೆಗಳ ಹಿಂಗಾಲು ಸೊಟ್ಟ, ಕೆಲವಕ್ಕೆ ಕಾಲೇ ಇಲ್ಲ. ಅವ್ರು ಹೇಳಿದ್ಮೇಲೆ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದ್ರು, ಕಪ್ಪೆಗಳ ಕಾಲು ವಿಕಾರ ಆಗೂದಕ್ಕೆ, ಮುಖ್ಯವಾಗಿ ಹೆಚ್ಚುವರಿ ಕಾಲು ಬೆಳೆಯೂದಕ್ಕೆ, ಒಂದು ಪರಾವಲಂಬಿ ಹುಳ ಕಾರಣ ಆಗ್ಬಹುದು ಅಂತ 1999ರಲ್ಲಿ ಕ್ಯಾಲಿಫೋರ್ನಿಯಾದ ಕಪ್ಪೆಗಳ ಮೇಲಿನ ಪ್ರಯೋಗ ತೋರಿಸಿಕೊಟ್ಟಿತು.

ನಮ್ಮಲ್ಲೇ ನೋಡಿ, ಸೀಸನ್‌ವಾಚ್ ಅಂತ ಉಂಟು, ಒಂದು ಮರ ಆರಿಸಿ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟು ಅಂತ ಬರೆಯೂದು, ಕೇರಳದ ಶಾಲೆಗಳು ಇದರಲ್ಲಿ ತುಂಬ ಮುಂದೆ. ಏಪ್ರಿಲ್ ನಡುವೆ ಬರುವ ಬಿಸು ಹಬ್ಬಕ್ಕೆ ಹೂ ಬಿಡುವ ನಮ್ಮ ಕಕ್ಕೆ ಮರ ಎಷ್ಟು ಮೊದಲೇ ಬಿಡ್ತಾ ಉಂಟು ಅಂತ ಬರೀ ನೆನಪಲ್ಲಿ ಹೇಳಿದ್ರೆ ಯಾರೂ ಒಪ್ಪುದಿಲ್ಲ, ವರ್ಷ ವರ್ಷದ ಬರಹ ಇದ್ರೆ ಒಪ್ಲೇಬೇಕು. ಹಕ್ಕಿ ಲೆಕ್ಕದ್ದೂ ಹಾಗೇ: ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023 ವರದಿಯಲ್ಲಿ 942 ಜಾತಿ ಹಕ್ಕಿಗಳ ಸ್ಥಿತಿ ನೋಡಿದ್ದು ಸುಮಾರು 30,000 ಹಕ್ಕಿ ನೋಡುವವರು ಅಪ್‌ಲೋಡ್ ಮಾಡಿದ ಲಿಸ್ಟಿಂದ. ಸಂಬಳದ ಕೆಲಸ ಅಲ್ಲ, ಹಕ್ಕಿ ಮೇಲಿನ ಪ್ರೀತಿಗೆ ಕೂತು ಬರೆದದ್ದು.

ಹಾಗಂತ ಎಲ್ಲಾ ಪ್ರಾಜೆಕ್ಟೂ ಚಂದ ಅಂತ ನಾನು ಹೇಳುದಿಲ್ಲ. ಒಂದು ದಿನ ಬೀಚಿಗೆ ಹೋಗಿ ಬ್ಯಾನರ್ ಹಿಡಿದು ಫೋಟೋ ತೆಗೆದು ಬರೂದು ಸಂಶೋಧನೆ ಅಲ್ಲ. ಅದೇ ಬೀಚಲ್ಲಿ ಅದೇ ನೂರು ಮೀಟರ್ ಜಾಗದಲ್ಲಿ ಪ್ರತಿ ತಿಂಗಳು ಬಲೆ ತುಂಡು ಎಷ್ಟು, ಬಾಟ್ಲಿ ಎಷ್ಟು, ಚಿಪ್ಸ್ ಪ್ಯಾಕೆಟ್ ಎಷ್ಟು ಅಂತ ಎಣಿಸಿ ಬರೆದ್ರೆ ಆಗ ಅದು ಸಂಶೋಧನೆ. ಮತ್ತೆ ಮಕ್ಕಳಿಂದ ನಂಬರ್ ತಗೊಂಡು ಹೋಗಿ ಆಮೇಲೆ ಏನಾಯ್ತು ಅಂತ ತಿರುಗಿ ಹೇಳದಿದ್ರೆ ಅದು ನನಗೆ ಸರಿ ಕಾಣುದಿಲ್ಲ, ಮಕ್ಕಳು ಪುಕ್ಕಟೆ ಕೂಲಿಯವರಲ್ಲ. ಪ್ರಶ್ನೆ ಕೇಳೂದರಲ್ಲೂ ಅವ್ರಿಗೆ ಪಾಲು ಬೇಕು.

ಹಾಗಾಗಿ ಶಾಲೆಗೆ ಹೋಗಿ ಕೇಳಿ: ಡೇಟಾ ಎಲ್ಲಿಗೆ ಹೋಗ್ತದೆ, ಯಾರು ಪರಿಶೀಲಿಸ್ತಾರೆ, ರಿಸಲ್ಟ್ ಮಕ್ಕಳಿಗೆ ಯಾವಾಗ ಹೇಳ್ತಾರೆ, ಮೇ ರಜೆಯಲ್ಲಿ ಯಾರು ಅಳೀತಾರೆ. ಕೊನೇದು ಮುಖ್ಯ, ನೀರು ಅತಿ ಕಮ್ಮಿ ಇರೂದೇ ಆಗ, ಎಲ್ಲರೂ ಅಜ್ಜಿ ಮನೆಗೆ ಹೋಗೂದೂ ಆಗಲೇ. ಅಳೆಯುವಾಗ ದೊಡ್ಡವರು ಒಬ್ಬರು ಬಾವಿ ಹತ್ರ ಇರ್ಲೇಬೇಕು, ಕಟ್ಟೆ ಇಲ್ಲದ ಬಾವಿ ಬೇಡವೇ ಬೇಡ.

ಮಗಳಿಗೆ ಪೆನ್ಸಿಲಲ್ಲಿ ಬರೀಲಿಕ್ಕೆ ಹೇಳಿ, ಮಳೆಗೆ ಪೆನ್ನಿನ ಶಾಯಿ ಹರಡ್ತದೆ. ತಪ್ಪಿದ್ರೆ ಉಜ್ಜೂದು ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ನಂಬರ್ ಬರೀಲಿ. ಅಳೆಯದ ವಾರ ಇದ್ರೆ ಅಂದಾಜು ನಂಬರ್ ಹಾಕದೆ "ಅಳೆದಿಲ್ಲ" ಅಂತಲೇ ಬರೀಲಿ, ಸೈಂಟಿಸ್ಟಿಗೆ ಅದೂ ಬೇಕು.