ಒಂದು ಸೆಮಿಸ್ಟರ್ ಹೊರದೇಶಕ್ಕೆ ಹೋದರೆ ಇಲ್ಲಿ ವರ್ಷ ಹೋಗುತ್ತಾ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಈಗ ನಾಲ್ಕನೇ ಸೆಮಿಸ್ಟರ್. ಜರ್ಮನಿಯ ಒಂದು ಯೂನಿವರ್ಸಿಟಿ ಜೊತೆ ಎಕ್ಸ್‌ಚೇಂಜ್ ಒಪ್ಪಂದ ಇದೆ ಅಂತ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಹೋಗಿ ಬಂದರೆ ಇಲ್ಲಿ ಒಂದು ವರ್ಷ ವೇಸ್ಟ್ ಆಗುತ್ತಾ? ಅಪ್ಪ ದುಡ್ಡಿನ ಲೆಕ್ಕ ಕೇಳುತ್ತಿದ್ದಾರೆ, ಅಮ್ಮ ಊಟದ್ದು. (ಕ್ಯಾತ್ಸಂದ್ರದ ಓದುಗರೊಬ್ಬರು)

ಆಗಬೇಕಾಗಿಲ್ಲ. ಆದರೆ ವರ್ಷ ಉಳಿಯಬೇಕು ಅಂದರೆ ವಿಮಾನ ಹತ್ತುವ ಮೊದಲೇ ಒಂದು ಕಾಗದಕ್ಕೆ ಸಹಿ ಬಿದ್ದಿರಬೇಕು. ಅದರ ಹೆಸರು ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಯಾವ ಯಾವ ವಿಷಯ ಓದುತ್ತೀರಿ, ಅದಕ್ಕೆ ಬದಲಾಗಿ ಇಲ್ಲಿ ಯಾವ ವಿಷಯ ಪಾಸಾದ ಹಾಗೆ ಲೆಕ್ಕ ಅನ್ನೋದನ್ನು ಅದರಲ್ಲಿ ಬರೆದು ನೀವು, ನಿಮ್ಮ ಕಾಲೇಜು, ಅಲ್ಲಿಯ ಯೂನಿವರ್ಸಿಟಿ ಮೂವರೂ ಸಹಿ ಹಾಕುತ್ತೀರಿ. ವೀಸಾ, ಟಿಕೆಟ್ ಅಂತ ಎಲ್ಲರೂ ಓಡಾಡುತ್ತಾರೆ, ಈ ಕಾಗದವನ್ನು ಮಾತ್ರ 'ಬಂದ ಮೇಲೆ ನೋಡಿಕೊಂಡರಾಯಿತು' ಅಂತ ಬಿಡುತ್ತಾರೆ. ನಾನೂ ಹಾಗೇ ಅರ್ಧಂಬರ್ಧ ಮಾಡಿಕೊಂಡು ಹೋಗಿ ಪೆಟ್ಟು ತಿಂದವನು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನಿಮ್ಮ ಕಾಲೇಜು ಸ್ವಾಯತ್ತ ಕಾಲೇಜಾ, ಅಲ್ವಾ? ಸ್ವಾಯತ್ತ ಆಗಿದ್ದರೆ ಪಠ್ಯ, ಪರೀಕ್ಷೆ ಎರಡೂ ಅವರ ಕೈಯಲ್ಲೇ ಇರುತ್ತವೆ. ಅಲ್ಲಿಯ ಕ್ರೆಡಿಟ್ (ಒಂದು ವಿಷಯ ಪಾಸಾದರೆ ಸಿಗುವ ಓದಿನ ಅಳತೆ) ಒಪ್ಪಿಕೊಳ್ಳೋಕೆ ಅವರ ಅಧ್ಯಯನ ಮಂಡಳಿ, ಅಕಾಡೆಮಿಕ್ ಕೌನ್ಸಿಲ್ ಮುಂದೆ ಫೈಲ್ ಇಟ್ಟರೆ ಕೆಲಸ ಸಾಗುತ್ತದೆ. ಬರೀ ಸಂಯೋಜಿತ ಕಾಲೇಜು ಆಗಿದ್ದರೆ ಪ್ರಿನ್ಸಿಪಾಲರು ಎಷ್ಟೇ ಒಳ್ಳೆಯವರಾದರೂ ಅವರೊಬ್ಬರ ಸಹಿ ಸಾಲದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದರೆ ಅದರ ಕೇಂದ್ರ ಕಚೇರಿ ಇರುವ ಬೆಳಗಾವಿಯಿಂದ ಒಪ್ಪಿಗೆ ಬರಬೇಕು. ಬಿಎಸ್ಸಿ, ಬಿಕಾಂ ಓದುವವರಿಗೂ ಇದೇ ಕಥೆ, ತುಮಕೂರು ವಿಶ್ವವಿದ್ಯಾಲಯ ಅಥವಾ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಡೆಯಿಂದ ಆಗಬೇಕು. ಅದಕ್ಕೇ ಒಂದು ವರ್ಷ ಮುಂಚೆ ಶುರು ಮಾಡಿ ಅನ್ನೋದು. ನಾಲ್ಕನೇ ಸೆಮಿಸ್ಟರ್‌ನಲ್ಲೇ ಕೇಳುತ್ತಿದ್ದೀರಲ್ಲ, ಸರಿಯಾದ ಹೊತ್ತು. ಬ್ಯಾಕ್‌ಲಾಗ್ ಇದ್ದರೆ ಈಗಲೇ ಮುಗಿಸಿಕೊಳ್ಳಿ, ಆಯ್ಕೆ ಮಾಡುವಾಗ ಸಾಮಾನ್ಯವಾಗಿ ಅದನ್ನೇ ಮೊದಲು ನೋಡುತ್ತಾರೆ.

ಇನ್ನು ಕ್ರೆಡಿಟ್ ಲೆಕ್ಕ. ಯುರೋಪಿನಲ್ಲಿ ಇಸಿಟಿಎಸ್ ಅಂತ ಕ್ರೆಡಿಟ್, ಸೆಮಿಸ್ಟರ್‌ಗೆ 30. ನಮ್ಮಲ್ಲಿ 20ರ ಆಸುಪಾಸು. ಅದೇನು ಅಲ್ಲಿ ಜಾಸ್ತಿ ಓದಿಸುತ್ತಾರೆ ಅಂತಲ್ಲ, ಅಳತೆ ಪಾತ್ರೆಯೇ ಬೇರೆ ಅಷ್ಟೇ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಅಂದರೆ ಒಂದು ಕ್ರೆಡಿಟ್. ಅವರು ಪಾಠ, ಮನೆಯಲ್ಲಿ ಓದೋದು, ಪರೀಕ್ಷೆ ತಯಾರಿ ಎಲ್ಲ ಸೇರಿಸಿ 25ರಿಂದ 30 ಗಂಟೆ ಕೆಲಸಕ್ಕೆ ಒಂದು ಕ್ರೆಡಿಟ್ ಅನ್ನುತ್ತಾರೆ. ಹಾಗಾಗಿ ಹೆಸರು, ನಂಬರ್ ನೋಡಿ ಜೋಡಿಸೋಕೆ ಹೋಗಬೇಡಿ. ಎರಡೂ ಕಡೆಯ ಸಿಲಬಸ್ ಪ್ರಿಂಟ್ ತೆಗೆದು ಅಕ್ಕಪಕ್ಕ ಇಟ್ಟುಕೊಂಡು ನಿಮ್ಮ ವಿಭಾಗದ ಮುಖ್ಯಸ್ಥರ (ಎಚ್ಒಡಿ) ಹತ್ತಿರ ಕೂತು ಗುರುತು ಹಾಕಿಸಿಕೊಳ್ಳಿ. ಕಡ್ಡಾಯ ವಿಷಯಗಳು ಹೊಂದೋದು ಕಷ್ಟ, ಐಚ್ಛಿಕ ವಿಷಯಗಳು ಸುಲಭ. ಅದಕ್ಕೇ ಎಲೆಕ್ಟಿವ್ ಜಾಸ್ತಿ ಇರುವ ಸೆಮಿಸ್ಟರ್ ನೋಡಿ ಹೋಗೋದು ಜಾಣತನ.

ನನ್ನ ಪೆಟ್ಟು ಇದೇ ಜಾಗದಲ್ಲಿ ಬಿದ್ದಿದ್ದು. ಅಲ್ಲಿ ಹೋದ ಎರಡನೇ ವಾರದಲ್ಲಿ ಎರಡು ಕ್ಲಾಸ್ ಒಂದೇ ಹೊತ್ತಿಗೆ ಬಂತು, ಒಂದನ್ನು ಬಿಟ್ಟು ಇನ್ನೊಂದು ವಿಷಯ ತೆಗೆದುಕೊಂಡೆ. ಅಲ್ಲಿ ಅದು ಮಾಮೂಲು, ಫಾರಂ ತುಂಬಿ ಬದಲಾಯಿಸಿಕೊಳ್ಳಬಹುದು. ಆದರೆ ಇಲ್ಲಿಗೆ ಒಂದು ಇಮೇಲ್ ಹಾಕಿ ಒಪ್ಪಿಗೆ ತರಿಸಿಕೊಳ್ಳಲಿಲ್ಲ. ವಾಪಸ್ ಬಂದಾಗ ಆ ವಿಷಯ ನಮ್ಮ ಪಟ್ಟಿಯಲ್ಲೇ ಇಲ್ಲ ಅಂದರು. ಜೂನಿಯರ್‌ಗಳ ಜೊತೆ ಕೂತು ಒಂದು ಪೇಪರ್ ಬರೆದೆ. ಇನ್ನೊಂದು ತಮಾಷೆ ಕೇಳಿ. ಜರ್ಮನಿಯಲ್ಲಿ ಅಂಕ ಉಲ್ಟಾ: 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಪಾಸಿನ ಗಡಿ, 5.0 ಫೇಲ್. ನನ್ನ 1.7 ನೋಡಿ ಪರೀಕ್ಷಾ ವಿಭಾಗದವರು 'ಏನಪ್ಪಾ, ಅಷ್ಟು ದೂರ ಹೋಗಿ ಇಷ್ಟೇನಾ?' ಅಂದಿದ್ದರು! ಅಂಕ ಪರಿವರ್ತನೆ ಹೇಗೆ ಅನ್ನೋದನ್ನೂ ಮೊದಲೇ ಬರೆಸಿಕೊಳ್ಳಿ.

ಕ್ಯಾಲೆಂಡರ್ ಕೂಡ ತಲೆನೋವೇ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್, ಪಾಠ ಫೆಬ್ರವರಿ ನಡುವಿನವರೆಗೆ, ಆಮೇಲೆ ಪರೀಕ್ಷೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ, ಹಾಜರಾತಿ ಓಡುತ್ತಿರುತ್ತದೆ. ತಡವಾಗಿ ಸೇರೋಕೆ ಲಿಖಿತ ಅನುಮತಿ ಬೇಕು. ಬಾಯಿಮಾತಲ್ಲಿ 'ನೋಡೋಣ ಬಾ' ಅಂದವರು ನೀವು ಬರುವ ಹೊತ್ತಿಗೆ ವರ್ಗವಾಗಿ ಹೋಗಿರಬಹುದು.

ಈಗ ಅಪ್ಪನ ಪ್ರಶ್ನೆ. ಒಪ್ಪಂದದ ಮೇಲೆ ಎಕ್ಸ್‌ಚೇಂಜ್ ಅಂದರೆ ಸಾಮಾನ್ಯವಾಗಿ ಫೀಸು ಇಲ್ಲೇ ಕಟ್ಟಬೇಕು, ಅಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್ ಕೊಡುಗೆ ಅಂತ ಸ್ವಲ್ಪ ಹಣ ಮಾತ್ರ ಕೇಳುತ್ತಾರೆ. ಏಜೆಂಟರು ಮಾರುವ 'ಸೆಮಿಸ್ಟರ್ ಅಬ್ರಾಡ್' ಇದಲ್ಲ, ಅದರಲ್ಲಿ ಫೀಸು ಪೂರ್ತಿ ನಿಮ್ಮ ತಲೆ ಮೇಲೆ. ನೋಟಿಸ್ ಬೋರ್ಡಿನ ಒಪ್ಪಂದ ಇನ್ನೂ ಜಾರಿಯಲ್ಲಿದೆಯಾ, ವರ್ಷಕ್ಕೆ ಎಷ್ಟು ಸೀಟು, ಫೀಸು ಮಾಫಿ ಅಂತ ಅದರಲ್ಲಿ ಬರೆದಿದೆಯಾ, ಕೇಳಿ. ಫೋಟೋ ತೆಗೆಸಿಕೊಂಡು ಸುಮ್ನೆ ಕೂತ ಒಪ್ಪಂದಗಳೂ ಇವೆ.

ದೊಡ್ಡ ಖರ್ಚು ಇರೋದು ಬದುಕೋಕೆ. ವೀಸಾಗೆ ಜರ್ಮನಿ ಹಣದ ಪುರಾವೆ ಕೇಳುತ್ತದೆ, 2024ರ ಸೆಪ್ಟೆಂಬರ್‌ನಿಂದ ಇದು ತಿಂಗಳಿಗೆ 992 ಯೂರೋ. ಐದು ತಿಂಗಳಿಗೆ 4,960. ಯೂರೋಗೆ 100 ರೂಪಾಯಿ ಅಂತ ಹಿಡಿದರೆ ಸುಮಾರು ಐದು ಲಕ್ಷ. ಅದನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಯಾರೂ ನುಂಗುವುದಿಲ್ಲ, ನಿಮ್ಮದೇ ದುಡ್ಡು, ತಿಂಗಳಿಗೊಂದು ಕಂತು ನಿಮ್ಮ ಕೈಗೆ ಬರುತ್ತದೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಥರದ ಸ್ಕಾಲರ್‌ಶಿಪ್ ಒಪ್ಪಂದದ ಜೊತೆಗೇ ಇದ್ದರೆ ಈ ಭಾರ ತುಂಬಾ ಇಳಿಯುತ್ತದೆ, ಮೊದಲು ಅದನ್ನೇ ವಿಚಾರಿಸಿ. ವಿಮಾನದ ಟಿಕೆಟ್, ವಿಮೆ, 75 ಯೂರೋ ವೀಸಾ ಶುಲ್ಕ ಬೇರೆ. ಪಾರ್ಟ್ ಟೈಂ ಕೆಲಸ ಮಾಡಿ ಎಲ್ಲ ತೂಗಿಸುತ್ತೇನೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಹೋಗಿ ನೆಲೆ ನಿಲ್ಲುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ.

ಪಾಸ್‌ಪೋರ್ಟ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ತುಮಕೂರಿನ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ, ಮಾಮೂಲಿ ಅರ್ಜಿಗೆ 1,500 ರೂಪಾಯಿ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ನಮ್ಮ ಕಡೆ ಅಪ್ಪನ ಹೆಸರಿನ ಇನಿಷಿಯಲ್ ಒಂದೇ ಎಷ್ಟು ಜನರನ್ನು ಅಲೆದಾಡಿಸಿದೆಯೋ.

ಅಮ್ಮನಿಗೆ ಹೇಳಿ: ಅಕ್ಕಿ, ಬೇಳೆ ಅಲ್ಲೇ ಸಿಗುತ್ತದೆ. ಹಾಸ್ಟೆಲ್‌ನಲ್ಲಿ ಅಡುಗೆಮನೆ ಇರುತ್ತದೆ, ಚಿಕ್ಕ ಕುಕ್ಕರ್ ಒಂದು ಕೊಟ್ಟು ಕಳಿಸಲಿ. ಸಾರಿನ ಪುಡಿ, ಚಟ್ನಿ ಪುಡಿ ಎಷ್ಟಾದರೂ ಕಟ್ಟಿಕೊಡಲಿ. ತುಪ್ಪ ಮಾತ್ರ ಬೇಡ, ಖೋವಾದ ಸಿಹಿಯೂ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ ಅಂತ ಯುರೋಪಿನಲ್ಲಿ ನಿಯಮ ಇದೆ, ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಡುತ್ತಾರೆ.